ಪಿಳ್ಳಪ್ಪ ಬೇಡವೆಂದ ಪೇಟೆಗಳು

ಋಷಿಗಳಿಗೆ ತಪಸ್ಸಿನಿಂದ ಒಲಿಯುವ ದಿವ್ಯದೃಷ್ಟಿ ಸೂಲಿಬೆಲೆಯ ಪಿಳ್ಳಪ್ಪನಿಗೆ ಹುಟ್ಟಿನಿಂದಲೇ ಇತ್ತೆಂದು ಊರು ನಂಬಿತ್ತು. ಬೆಂಗಳೂರಿಗೆ ಹೋದರೆ ಎಲ್ಲಿ ತಂಗುವುದೆಂದು ಜನ ಅವನನ್ನೇ ಕೇಳುತ್ತಿದ್ದರು. ಆತ ಯಾವ ಪೇಟೆಗೆ ಕಾಲಿಟ್ಟರೂ ಬೀದಿಯ ನಡುವೆ ನಿಂತು, ಕತ್ತು ಉದ್ದ ಮಾಡಿ ನಾಲ್ಕೂ ದಿಕ್ಕು ನೋಡುತ್ತಿದ್ದ. ಬೇಡವೆಂದು ತಲೆಯಾಡಿಸಿದನೋ ಮುಗಿಯಿತು, ದೇವೇಂದ್ರನೇ ಬಂದು ಹಾಸಿಗೆ ಹಾಸಿದರೂ ಅಲ್ಲಿ ಮಲಗುವವನಲ್ಲ. ಒಮ್ಮೆ ಅವನು ಬೇಡವೆಂದ ಛತ್ರದ ಗೋಡೆ ಮುಂದಿನ ಮಳೆಗೆ ಕುಸಿಯಿತು. ಇನ್ನೊಂದು ಬೀದಿಗೆ ವಾಂತಿಭೇದಿ ಬಂತು. ಏನು ಕಂಡೆ ಎಂದು ಕೇಳಿದರೆ ಪಿಳ್ಳಪ್ಪ ನೆಲ ನೋಡುತ್ತಿದ್ದ. ಯಮನ ಗುಟ್ಟು ಬಿಟ್ಟುಕೊಡುವವನಲ್ಲ ಎಂದು ಜನ ಇನ್ನಷ್ಟು ಹೆದರುತ್ತಿದ್ದರು.

ಅರವತ್ತೆಂಟರ ಚಳಿಗಾಲದಲ್ಲಿ ಅವನ ಅಕ್ಕ ಮುನಿಗಂಗಮ್ಮನ ಕಣ್ಣಿನ ಪೊರೆಯ ಆಪರೇಷನ್ನಿಗೆ ದಿನ ಗೊತ್ತಾಯಿತು. ಮಾರ್ಕೆಟ್ ಬಳಿಯ ಆಸ್ಪತ್ರೆ. ಬೆಳಗ್ಗೆ ಬಾಗಿಲು ತೆಗೆಯುವಾಗಲೇ ಹಾಜರಿರಬೇಕು. ತಪ್ಪಿದರೆ ಯುಗಾದಿ ಕಳೆಯಬೇಕು, ಅಷ್ಟರಲ್ಲಿ ಉಳಿದ ಬೆಳಕೂ ಹೋದೀತೆಂದು ಡಾಕ್ಟರು ಎಚ್ಚರಿಸಿದ್ದರು. ಹಿಂದಿನ ದಿನವೇ ಅಕ್ಕ, ಭಾವ ಬೈಲಪ್ಪ, ದಾರಿ ತೋರಿಸಲು ಪಿಳ್ಳಪ್ಪ, ಮೂವರೂ ಬಸ್ಸು ಹತ್ತಿದರು.

ಕಲಾಸಿಪಾಳ್ಯದಲ್ಲಿ, ಆಸ್ಪತ್ರೆಗೆ ಹತ್ತಿರದಲ್ಲೇ, ಒಳ್ಳೆಯ ರೂಮು ಸಿಕ್ಕಿತು. ಪಿಳ್ಳಪ್ಪ ಮಹಡಿಯ ಕಿಟಕಿಯಿಂದ ಹೊರಗೆ ನೋಡಿದ. ಮುಖ ಬಿಳಿಚಿಕೊಂಡಿತು.

"ಬ್ಯಾಡ ಭಾವ. ಇಲ್ಲಿ ಬೆಳಗಾದ್ರೆ ಕಷ್ಟ."

ಮುನಿಗಂಗಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಚಿಕ್ಕಪೇಟೆಯ ಛತ್ರದಲ್ಲಿ ಆತ ಹಿತ್ತಲ ಬಾಗಿಲು ತೆರೆದ. ಎದುರಿಗೆ ಗೋಡೆ, ಅದರಾಚೆ ಇನ್ನೊಂದು ಗೋಡೆ. ಹೆಣವಿಟ್ಟ ಕೋಣೆಯ ಬಾಗಿಲೆಳೆಯುವಂತೆ ಮೆಲ್ಲಗೆ ಮುಚ್ಚಿದ. ಬಳೇಪೇಟೆಯಲ್ಲಂತೂ ಹೊಸ್ತಿಲನ್ನೇ ದಾಟಲಿಲ್ಲ.

ಹೊತ್ತು ಮುಳುಗಿತು. ಚಾಮರಾಜಪೇಟೆ ದಾಟಿ ಕೆಂಪಾಂಬುಧಿ ಕೆರೆಯಂಚಿಗೆ ಬಂದರು. ಅಲ್ಲೊಬ್ಬ ಮುದುಕಿ ಜಗಲಿಯನ್ನು ಬಾಡಿಗೆಗೆ ಕೊಡುತ್ತಿದ್ದಳು. ಸುತ್ತ ಕಪ್ಪಗೆ ಪೊದೆಗಳು, ದೂರದಲ್ಲಿ ನಾಯಿಯ ಊಳು. ಪಿಳ್ಳಪ್ಪನ ಮುಖ ಆ ದಿನ ಮೊದಲ ಸಲ ಅರಳಿತು.

"ಇಲ್ಲೇ!"

ಮುನಿಗಂಗಮ್ಮ ಕುಸಿದು ಕೂತಳು. "ಪ್ಯಾಟೆಯಾಗೆಲ್ಲ ನನ್ ಸಾವು ಕಂಡವ್ನೆ ನನ್ ತಮ್ಮ. ಕಣ್ಣು ಹೋದ್ರೆ ಹೋಗ್ಲಿ, ನಾನು ಆಸ್ಪತ್ರೆಗೆ ಬರಕ್ಕಿಲ್ಲ. ಬೆಳಗ್ಗೆ ಊರಿನ ಬಸ್ ಹತ್ತಿಸ್ಬಿಡಿ."

ಬೈಲಪ್ಪ ಭಾಮೈದನ ಹೆಗಲ ಮೇಲಿನ ಟವಲನ್ನು ಹಿಡಿದೆಳೆದ. "ಲೇ ಪಿಳ್ಳ, ಏನ್ಲಾ ಕಂಡೆ? ಬೊಗಳು! ಇವಳು ಕುರುಡಿಯಾದ್ರೆ ದಿನಾ ನೀನೇ ಬಂದು ಕೈ ಹಿಡಿದು ನಡೆಸ್ಬೇಕು, ಗೊತ್ತಾಯ್ತಾ?"

ಊರೂರನ್ನೇ ನಡುಗಿಸಿದ್ದ ದಿವ್ಯದೃಷ್ಟಿ ಅಕ್ಕನ ಮುಖವನ್ನೊಮ್ಮೆ, ಪೊದೆಗಳನ್ನೊಮ್ಮೆ ನೋಡಿತು.

"ಅಯ್ಯೋ, ಸಾವೂ ಇಲ್ಲ ಗೀವೂ ಇಲ್ಲ ಕಣಕ್ಕಾ. ಆ ಪ್ಯಾಟೆಗಳಾಗೆ ಬೆಳಗ್ಗೆ ಚೊಂಬು ಹಿಡ್ಕೊಂಡು ಹೋಗಾಕೆ ಒಂದು ಬೇಲಿ ಮರೆನೂ ಇಲ್ಲ. ಇಲ್ಲಾದ್ರೆ ಬೇಗ ಮುಗಿಸ್ಕೊಂಡು ಆಸ್ಪತ್ರೆಗೆ ಹೋಗ್ಬೋದು."