ಮೂಗಿನೊಳಗಿನ ಮೂರು ಅಡಿಕೆ

ಜಯಪುರದ ಒಂದು ಅಡಿಕೆ ಮಂಡಿಯಲ್ಲಿ ನಾನು ನಲವತ್ತು ವರ್ಷ ತೂಕ ಮಾಡಿದವನು. ಓದಿದ್ದು ಹೈಸ್ಕೂಲು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಎತ್ತಿ, ಇದು ಇನ್ನೂ ಹಸಿ, ಒಣಗಿದರೆ ಇಷ್ಟು ತೂಕ ಇಳಿಯುತ್ತದೆ ಎಂದು ಹೇಳುತ್ತಿದ್ದೆ. ಬೆಳೆಗಾರರು ಮುಖ ಸಿಂಡರಿಸಿಕೊಂಡೇ ಒಪ್ಪುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದೆ ಮಾಡಿದೆ ಎಂಬ ನೆಪ ನನಗೆ ಸಿಗಬಾರದು.

ನನ್ನ ತಂಗಿಯನ್ನು ಶೃಂಗೇರಿ ಹತ್ತಿರದ ಮೆಣಸೆ ಊರಿಗೆ ಕೊಟ್ಟಿದೆ. ಅವಳ ಗಂಡ, ಅಂದರೆ ನನ್ನ ಭಾವ, ಲೈನ್‌ಮನ್ ಕೆಲಸದಿಂದ ನಿವೃತ್ತನಾದ ಮೇಲೆ ಮೊಬೈಲಿನಲ್ಲಿ ವಿಡಿಯೊ ನೋಡಿ ರಿಮೋಟಿನಲ್ಲಿ ಹಾರುವ ವಿಮಾನ ಕಟ್ಟತೊಡಗಿದ. ಎಂಟು ತಿಂಗಳು ಹಿಡಿಯಿತು. ಮೈ ಥರ್ಮಾಕೋಲಿನಂಥ ಹಲಗೆಯದು. ರೆಕ್ಕೆಯೊಳಗೆ ಅಡಿಕೆ ಮರಕ್ಕೆ ಔಷಧಿ ಹೊಡೆಯುವ ಉದ್ದನೆಯ ಕಾರ್ಬನ್ ದೋಟಿಯ ಮುರಿದ ತುಂಡು.

ಕಟ್ಟಿದ ಮೇಲೆ ತೂಕ ಸರಿಮಾಡಬೇಕು. ರೆಕ್ಕೆಯ ಅಡಿಗೆ ಎರಡೂ ಕಡೆ ಒಂದೊಂದು ಬೆರಳು ಕೊಟ್ಟು ಎತ್ತಿದರೆ ವಿಮಾನ ಮಟ್ಟವಾಗಿ ನಿಲ್ಲಬೇಕು. ನಮ್ಮದು ಬಾಲದ ಮೇಲೆ ಕೂರುತ್ತಿತ್ತು.

"ಮೂಗಿಗೆ ಸೀಸ ಹಾಕು ಮಾರಾಯ. ಮೀನಿನ ಬಲೆಗೆ ಕಟ್ತಾರಲ್ಲ, ಆ ಗುಂಡು. ತೂಕದವನು ನೀನೇ" ಎಂದು ಭಾವ ಆ ಕೆಲಸ ನನಗೆ ಒಪ್ಪಿಸಿದ.

ಸೀಸದ ಗುಂಡು ಹುಡುಕಿಕೊಂಡು ಶೃಂಗೇರಿ ಪೇಟೆಗೆ ಹೋಗಬೇಕಿತ್ತು. ನನಗೆ ಬೇಜಾರು. ಅಂಗಳದಲ್ಲಿ ಆಗಷ್ಟೇ ಕೊಯ್ದ ಹಣ್ಣಡಿಕೆ ರಾಶಿ ಇತ್ತು. ಸಿಪ್ಪೆ ಸಹಿತ ಮೂರು ಆರಿಸಿ ಮೂಗಿಗೆ ತುರುಕಿ ಟೇಪು ಸುತ್ತಿದೆ. ಬೆರಳ ಮೇಲೆ ವಿಮಾನ ಗೆರೆ ಎಳೆದ ಹಾಗೆ ನಿಂತಿತು. ಸೀಸ ಆಮೇಲೆ ಹಾಕಿದರಾಯಿತು ಎಂದುಕೊಂಡೆ. ಭಾವನಿಗೆ, "ಆತು" ಎಂದೆ.

ಹಾರಿಸಲು ಗದ್ದೆ ಖಾಲಿಯಾಗಬೇಕಿತ್ತು. ಭತ್ತದ ಕೊಯ್ಲು ಮುಗಿಯುವವರೆಗೆ ಎರಡು ತಿಂಗಳು ವಿಮಾನ ಅಟ್ಟದ ತೊಲೆಗೆ ನೇತಾಡಿತು. ಸೀಸದ ವಿಷಯ ನನಗೆ ಮರೆತೇಹೋಯಿತು.

ಆ ದಿನ ಬೆಳಿಗ್ಗೆ ಭಾವ ಎಲ್ಲವನ್ನೂ ಎರಡೆರಡು ಸಲ ನೋಡಿದ. ಬ್ಯಾಟರಿ ತುಂಬಿದೆಯೇ, ಫ್ಯಾನಿನ ತಿರುಪು ಬಿಗಿಯಿದೆಯೇ, ರಿಮೋಟಿನ ಕಡ್ಡಿ ಬಲಕ್ಕೆ ಒತ್ತಿದರೆ ಬಲ ರೆಕ್ಕೆಯ ಪಟ್ಟಿ ಮೇಲೇಳುತ್ತದೆಯೇ. ನಲವತ್ತು ಹೆಜ್ಜೆ ದೂರ ಹೋಗಿ ರಿಮೋಟ್ ಒತ್ತಿಯೂ ನೋಡಿದ. ಮೂಗನ್ನು ಮಾತ್ರ ನೋಡಲಿಲ್ಲ. ಅದನ್ನು ನಾನು ನೋಡಿದ್ದೆನಲ್ಲ.

ತಂಗಿ ಕುಂಕುಮ ತಂದಳು. ಹೊಸ ಗಾಡಿ ಯಾವುದೇ ಇರಲಿ, ಹೂವಿಲ್ಲದೆ ಅವಳು ಹೊರಡಗೊಡುವುದಿಲ್ಲ. ಮುಂದುಗಡೆ ಫ್ಯಾನು ಇದ್ದುದರಿಂದ ಒಂದು ಸೇವಂತಿಗೆಯನ್ನು ಬಾಲಕ್ಕೆ ದಾರದಲ್ಲಿ ಕಟ್ಟಿದಳು.

ಗದ್ದೆಯಲ್ಲಿ ಕೊಯ್ದ ಪೈರಿನ ಕೂಳೆ ಇದ್ದುದರಿಂದ ವಿಮಾನವನ್ನು ಕೈಯಿಂದಲೇ ಎಸೆಯಬೇಕಿತ್ತು. ಎಸೆಯುವವನು ನಾನು. ಎತ್ತಿದ ಕೂಡಲೇ ಅಂಗೈಗೆ ಗೊತ್ತಾಯಿತು, ಮೂಗು ಹಗುರ. ಹಣ್ಣಡಿಕೆ ನೆನಪಾಯಿತು. ಅಕ್ಕಪಕ್ಕದ ಮನೆಯವರು ಹತ್ತು ಜನ ಅಂಚಿನ ಮೇಲೆ ನಿಂತಿದ್ದರು. ಅವರೆದುರು ಟೇಪು ಬಿಚ್ಚಿ ಒಣಗಿದ ಅಡಿಕೆ ತೆಗೆಯಲು ನನಗೆ ನಾಚಿಕೆಯಾಯಿತು.

"ಎಂತ ಮಾರಾಯ, ಮುಹೂರ್ತ ನೋಡ್ತಿದೀಯನಾ? ಬಿಡು!" ಎಂದು ಭಾವ ಕೂಗಿದ.

ಬಿಟ್ಟೆ. ವಿಮಾನ ಮೂಗೆತ್ತಿ ನೆಟ್ಟಗೆ ಏರಿತು, ಒಂದು ಕ್ಷಣ ನಿಂತಿತು, ಮಗುಚಿ ಗದ್ದೆಗೆ ಬಿತ್ತು. ಹಾರಿದ್ದು ಕೆಮ್ಮಿ ಮುಗಿಸುವಷ್ಟು ಹೊತ್ತು.

ಭಾವ ಚೂರುಗಳ ಹತ್ತಿರ ಕೂತ. ಬಾಲದಲ್ಲಿ ಹೂವು ಹಾಗೇ ಇತ್ತು. "ಬಾಲಕ್ಕೆ ಭಾರ ಕಟ್ಟಿದ್ದೀಯಲ್ಲೇ" ಎಂದು ತಂಗಿಯನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ನೀನೇ ಹೇಳು, ಹೌದೋ ಅಲ್ಲವೋ?"

ಒಂದು ಸೇವಂತಿಗೆಯ ತೂಕವೆಷ್ಟೆಂದು ನನಗೆ ಗೊತ್ತು. "ಬಾಲಕ್ಕೆ ಕಟ್ಟಬಾರದಿತ್ತು" ಎಂದೆ.

ತಂಗಿ ಚೂರುಗಳನ್ನು ಬುಟ್ಟಿಗೆ ತುಂಬಿದಳು. ಮುಂದಿನ ಆಯುಧಪೂಜೆಯಲ್ಲಿ ಅವಳು ಮಿಕ್ಸಿಗೆ ಹೂವಿಟ್ಟಳು, ಹುಲ್ಲು ಕತ್ತರಿಸುವ ಯಂತ್ರಕ್ಕೆ ಇಟ್ಟಳು. ಭಾವ ಕಟ್ಟುತ್ತಿದ್ದ ಎರಡನೇ ವಿಮಾನದ ಹತ್ತಿರ ಸುಳಿಯಲಿಲ್ಲ. ನೆಂಟರು ಬಂದಾಗಲೆಲ್ಲ ಭಾವ, "ನಮ್ಮವಳು ಒಂದು ಹೂವಿನಲ್ಲಿ ವಿಮಾನ ಕೆಡವಿದಳು" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಈ ಸಲ ಕೊಯ್ಲಾದ ಮೇಲೆ ಭಾವ ಮತ್ತೆ ನನ್ನನ್ನು ತೂಕಕ್ಕೆ ಕರೆದ. ನಾನು ಸೀದಾ ಅಡುಗೆಮನೆಗೆ ಹೋಗಿ ತಂಗಿಗೆ ಎಲ್ಲ ಹೇಳಿದೆ. ಅವಳು ಸಾರು ಕೆಳಗಿಳಿಸಿ, ಮೆಣಸಿನ ಡಬ್ಬಿಯ ಹಿಂದಿನಿಂದ ಮೂರು ಒಣ ಅಡಿಕೆ ತೆಗೆದು ಕೊಟ್ಟಳು.

"ಚೂರು ಹೆಕ್ಕುವಾಗ ಸಿಕ್ತು" ಎಂದಳು.

"ಅವತ್ತೇ ಗೊತ್ತಿತ್ತಾ? ಯಾಕೆ ಹೇಳಲಿಲ್ಲ?"

"ಹೇಳೋದು ಯಾರ ಕೆಲಸ ಅಣ್ಣಾ? ಒಂದು ವರ್ಷ ಕಾದೆ. ಈಗ ಹೊರಗೆ ಹೋಗಿ ಅವರಿಗೂ ಹೇಳು."

ಹೇಳಿದೆ. ಭಾವ ಅಡಿಕೆಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಸಿಪ್ಪೆಯೊಳಗೆ ಲೊಡಲೊಡ ಎಂದಿತು.

"ಮಂಡಿಯಲ್ಲಿ ಎಷ್ಟು ವರ್ಷ ಇದ್ದೆ ನೀನು?"

"ನಲವತ್ತು."

ಸೀಸವನ್ನು ಭಾವ ತಾನೇ ಹಾಕಿದ, ಬೆರಳ ಮೇಲೆ ತಾನೇ ನಿಲ್ಲಿಸಿ ನೋಡಿದ. ಆಮೇಲೆ ಒಳಗಿನ ಕಡೆ ತಿರುಗಿ, "ಏಯ್, ಹೂವು ಎಲ್ಲಿ?" ಎಂದ.

"ಗಿಡದಲ್ಲಿದೆ. ಬೇಕಾದವರು ಕೊಯ್ಕೊಳ್ಳಲಿ" ಎಂದಳು ತಂಗಿ, ಒಳಗಿನಿಂದಲೇ.

ಭಾವ ಕೊಯ್ದು ತಂದು ಬಾಲಕ್ಕೆ ಕಟ್ಟಿದ. ವಿಮಾನ ಗದ್ದೆಯನ್ನು ಐದು ಸುತ್ತು ಸುತ್ತಿ ಇಳಿಯಿತು. ಎಸೆಯುವ ಕೆಲಸ ಈಗ ತಂಗಿಯದು. ನಾನು ಅಂಚಿನ ಮೇಲೆ ಉಳಿದವರ ಜೊತೆ ನಿಲ್ಲುತ್ತೇನೆ.