ಇಲ್ಲದ ಶಾಲೆಯ ಪ್ರಾಂಶುಪಾಲೆ

ಮುಂಬಯಿ ಹೊರವಲಯದ ಡೊಂಬಿವಲಿಯ ವಿನೋದಾ ಮಕ್ಕಳಿಬ್ಬರನ್ನು ಹತ್ತನೇ ಕ್ಲಾಸು ದಾಟಿಸಿ, ಆಮೇಲೆ ತಾವು ಎಂ.ಎ. ಮಾಡಿಕೊಂಡವರು. ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಪ್ರವೇಶ ಪರೀಕ್ಷೆಯಲ್ಲಿ ಪಾಸಾದರು. ವಿಷಯ, ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗರು ಓದಿದ ರಾತ್ರಿಶಾಲೆಗಳು. ಪೂರ್ಣಾವಧಿ ಸೀಟು ಒಂದೇ ಇತ್ತು, ಅದೂ ಬೇರೆ ಉದ್ಯೋಗ ಇಲ್ಲದವರಿಗೆ. ಅದಕ್ಕಾಗಿ ನೆರೂಳಿನ ಕಾಲೇಜಿನ ಕೆಲಸ ಬಿಟ್ಟರು. ಇನ್ನುಳಿದದ್ದು ಸಂದರ್ಶನ.

ಸುದ್ದಿ ನಮ್ಮ ಕನ್ನಡ ಸಂಘದ ಅಧ್ಯಕ್ಷ, ಹೋಟೆಲಿನ ಸರ್ವೋತ್ತಮಣ್ಣನ ಕಿವಿಗೆ ಬಿತ್ತು. ಮರುದಿನವೇ ಸ್ಟೇಷನ್ನಿನ ಎದುರು ಫ್ಲೆಕ್ಸ್ ಎದ್ದಿತು. ನಡುವೆ ಕೈಮುಗಿದ ಅಧ್ಯಕ್ಷರು, ಮೂಲೆಯಲ್ಲಿ ಅಂಚೆಚೀಟಿಯಷ್ಟು ವಿನೋದಾ. ಕೆಳಗೆ, ‘ನಮ್ಮ ಕನ್ನಡ ವಿದ್ಯಾಲಯದ ಪ್ರಾಂಶುಪಾಲೆಗೆ ಅಭಿನಂದನೆಗಳು’.

ವಿದ್ಯಾಲಯವೆಂದರೆ ಭಾನುವಾರ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಧ್ಯಕ್ಷರ ಹೋಟೆಲಿನ ಎ.ಸಿ. ಹಾಲಿನಲ್ಲಿ ಊರ ಕಡೆಯವರ ಮಕ್ಕಳಿಗೆ ವಿನೋದಾ ಪುಕ್ಕಟೆ ಕಲಿಸುವ ಅಕ್ಷರ. ಆ ಹೊತ್ತಿಗೆ ಎ.ಸಿ. ಹಾಕುವುದಿಲ್ಲ.

ಸಂದರ್ಶನ ಸಮಿತಿಯ ಅಧ್ಯಾಪಕರೊಬ್ಬರೂ ಡೊಂಬಿವಲಿಯವರೇ. ಫ್ಲೆಕ್ಸ್ ನೋಡಿದ್ದರು. ಸಂದರ್ಶನದ ದಿನ, “ಪ್ರಿನ್ಸಿಪಾಲ್ ಆಗಿದ್ದೀರಿ. ಆ ಶಾಲೆಯ ಬಿಡುಗಡೆ ಪತ್ರ ಸೋಮವಾರದೊಳಗೆ ತನ್ನಿ. ಇಲ್ಲದಿದ್ದರೆ ಸೀಟು ಮುಂದಿನವರಿಗೆ,” ಎಂದು ವಿನೋದಾರನ್ನು ಬಾಗಿಲಿನಿಂದಲೇ ಕಳಿಸಿದರು.

ವಿನೋದಾ ನೇರ ಬಂದದ್ದು ಹೋಟೆಲಿನ ಗಲ್ಲಾದ ಮುಂದೆ.

“ಎಂತ ಮಾಡಿದ್ರಿ ಸರ್ವೋತ್ತಮಣ್ಣ?”

“ಅಯ್ಯೋ ಮಾರಾಯ್ತಿ, ಕೆಲಸ ಇಲ್ಲದ ಹೆಂಗಸು ಅಂತ ಹಾಕ್ಲಿಕ್ಕೆ ಆಗ್ತದಾ? ಸಂಘದ ಇಜ್ಜತ್ ಉಂಟಲ್ಲ!”

“ನನ್ನ ಸೀಟು ಹೋಗ್ತದೆ.”

“ಪತ್ರ ತಾನೆ? ಲೆಟರ್‌ಹೆಡ್ಡಲ್ಲಿ ಈಗಲೇ ಕೊಡುವ. ಒಂದು ಬೀಳ್ಕೊಡುಗೆ ಸಮಾರಂಭವೂ ಇಡುವ. ವಾರ್ಡಿನ ನಗರಸೇವಕರನ್ನು ಕರೀಬಹುದು.”

ವಿನೋದಾ ಗಲ್ಲಾದ ಮೇಲೆ ಕುಟ್ಟಿದ ರಭಸಕ್ಕೆ ಸೋಂಪಿನ ಬಟ್ಟಲು ಹಾರಿತು. “ಇಲ್ಲದ ಶಾಲೆಯಿಂದ ಎಂತ ಬಿಡುಗಡೆ? ನಿಮ್ಮ ಸುಳ್ಳಿಗೆ ನಾನೂ ಸಹಿ ಹಾಕುದಾ? ನೀವೇ ಬಂದು ಶಾಲೆ ಇಲ್ಲ ಅಂತ ಹೇಳಿ.”

“ನಾನು ಸ್ಥಾಪಕಾಧ್ಯಕ್ಷ! ನಾನೇ ಹೇಳುದಾ?”

“ಇಲ್ಲದಿದ್ರೆ ಭಾನುವಾರ ಮಕ್ಕಳ ಅಪ್ಪ-ಅಮ್ಮಂದಿರ ಎದುರು, ನಿಮ್ಮ ಫ್ಲೆಕ್ಸಿನಿಂದ ನನ್ನ ಸೀಟು ಹೋಯ್ತು ಅಂತ ನಾನು ಹೇಳ್ತೇನೆ.”

ಸೋಮವಾರ ವಿಶ್ವವಿದ್ಯಾಲಯಕ್ಕೆ ಹೊರಟ ವಿನೋದಾ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದರು. ಜರಿಶಾಲು ಹೊದ್ದು ಬಂದಿದ್ದ ಅಧ್ಯಕ್ಷರು ಜನರಲ್ ಡಬ್ಬಿಯಲ್ಲಿ ಜೋತುಬಿದ್ದು, ಥಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಒರಸುವ ಬಟ್ಟೆಯಂತಾಗಿ ಇಳಿದರು.

“ಶಾಲೆ ಎಲ್ಲಿದೆ?” ಸಮಿತಿ ಕೇಳಿತು.

“ನಮ್ಮ ಸಂಸ್ಥೆ ಇಪ್ಪತ್ತು ವರ್ಷಗಳಿಂದ ನಾಡು-ನುಡಿಯ...” ಎಂದು ಶುರುಮಾಡಿದ ಅಧ್ಯಕ್ಷರು ವಿನೋದಾರ ಮುಖ ನೋಡಿ ನಿಲ್ಲಿಸಿದರು. “ಇಲ್ಲ ಸರ್. ಶಾಲೆ ಇಲ್ಲ. ಹೋಟೆಲಿನ ಟೇಬಲ್ಲಲ್ಲಿ ಅ ಆ ಇ ಈ. ಸಂಬಳ ಇಲ್ಲ, ಚಾ ಕೊಡ್ತೇವೆ.”

“ಚಾ ಕೂಡ ಇಲ್ಲ,” ಎಂದರು ವಿನೋದಾ.

ಅಧ್ಯಕ್ಷರನ್ನು ಹೊರಗೆ ಕೂರಿಸಿದ ಮೇಲೆ ಸಂದರ್ಶನ ನಡೆಯಿತು. ರಾತ್ರಿಶಾಲೆಗಳ ಬಗ್ಗೆ ಹೊಸದಾಗಿ ಏನು ಹೇಳುತ್ತೀರಿ ಎಂದು ಕೇಳಿದರು. ವಿನೋದಾರ ಸಿಟ್ಟು ಇಳಿದಿರಲಿಲ್ಲ.

“ಓದಿದ್ದು ಹುಡುಗರು ಸರ್. ಶಾಲೆಯ ಗೋಡೆಯ ಕಲ್ಲಲ್ಲಿ ಇರುವುದು ಹೋಟೆಲ್ ಮಾಲಕರ ಹೆಸರು. ಆ ಹುಡುಗರು ಯಾರು ಅಂತ ಯಾರೂ ಕೇಳಿಲ್ಲ. ನಾನು ಕೇಳ್ತೇನೆ.”

ಸಂಜೆಯ ಹೊತ್ತಿಗೆ ಸೀಟು ಅವರದಾಯಿತು.

“ಆಯ್ತಾ?” ಬೆಂಚಿನಿಂದ ಅಧ್ಯಕ್ಷರು ಮೆಲ್ಲಗೆ ಕೇಳಿದರು. ವಿನೋದಾ ತಿರುಗಿಯೂ ನೋಡದೆ ಶುಲ್ಕ ಕಟ್ಟುವ ಕಿಟಕಿಯತ್ತ ನಡೆದರು.