ಸುಳ್ಯದ ಕಾಲರ್, ಪುತ್ತೂರಿನ ಕುತ್ತಿಗೆ

ಪುತ್ತೂರಿನ ಕೋಳಿಗಳು ಅಕ್ಕು ಎದ್ದರೆ ಮಾತ್ರ ಕೂಗುತ್ತವೆ. ಅವರು ಹೊಲಿಗೆ ಅಂಗಡಿಯ ಬಾಗಿಲು ತೆಗೆದ ಮೇಲೆ ಸೂರ್ಯನೂ ಬೇರೆ ದಾರಿಯಿಲ್ಲದೆ ಮೇಲೆ ಬರುತ್ತಾನೆ. ಆ ಮೊದಲ ಬೆಳಕಿಗೆ ಅವರು ಅಂಗಿಯ ಎರಡು ಕಾಗದದ ನಮೂನೆಗಳನ್ನು ಕಿಟಕಿಯ ಗಾಜಿಗೆ ಒಂದರ ಮೇಲೊಂದು ಹಿಡಿದು ನಿಂತಿದ್ದಾರೆ. ಒಂದು ಇಲ್ಲಿಯದು. ಇನ್ನೊಂದು ಸುಳ್ಯದ ಬ್ರಾಂಚಿನಿಂದ ಬಸ್ಸಿನಲ್ಲಿ ಬಂದದ್ದು.

ಅಂಗಡಿಯ ಮಾಲೀಕ ಅಹ್ಮದ್ ಕುಂಞಿಯವರು ಸುಳ್ಯದಲ್ಲಿ ಎರಡನೇ ಅಂಗಡಿ ತೆರೆದಾಗ ಎರಡೂ ಕಡೆ ನಮೂನೆ ಒಂದೇ. ಆಮೇಲೆ ಅಲ್ಲಿ ಕತ್ತರಿ ಹಿಡಿದ ಕುಕ್ಕಪ್ಪ ದಿನಕ್ಕೊಂದು ಬದಲಾವಣೆ ಮಾಡತೊಡಗಿದರು. ಅವರ ಬೆಲ್ ಬಾಟಮ್ಮಿನ ಒಂದು ಕಾಲಿನೊಳಗೆ ಮದುವೆಯ ಚಪ್ಪರ ಹಾಕಬಹುದು. ಅವರ ಕಾಲರ್ ತೊಟ್ಟವನು ಗಾಳಿ ಬೀಸಿದರೆ ಪಯಸ್ವಿನಿಯನ್ನು ದೋಣಿಯಿಲ್ಲದೆ ದಾಟುತ್ತಾನೆ. ಇವುಗಳಲ್ಲಿ ಪುತ್ತೂರಿಗೆ ಒಗ್ಗುವುದನ್ನಷ್ಟೇ ಆರಿಸಿ ಇಲ್ಲಿಯ ನಮೂನೆಗೆ ಸೇರಿಸುವುದು, ಉಳಿದದ್ದನ್ನು ಸುಳ್ಯಕ್ಕೇ ಬಿಡುವುದು ಅಕ್ಕುವಿನ ಕೆಲಸ.

"ಎಲ್ಲಾ ತಂದರೆ ಇಲ್ಲಿಯ ಗಿರಾಕಿ ಓಡಿ ಹೋಗ್ತಾರೆ. ಏನೂ ತಾರದಿದ್ದರೆ ಸುಳ್ಯಕ್ಕೆ ಹೋಗ್ತಾರೆ," ಎನ್ನುತ್ತಾರೆ ಅಕ್ಕು.

ಬೀಡಿ ಕಟ್ಟುತ್ತಿದ್ದ ಅಕ್ಕು ಈ ಅಂಗಡಿಗೆ ಬಂದದ್ದು ಬಟನ್ ಹೊಲಿಯಲು. ಹಳೆಯ ಟೈಲರಿಗೆ ಕಣ್ಣು ಮಂಜಾದ ಮೇಲೆ ಕತ್ತರಿ ಇವರ ಕೈಗೆ ಬಂತು. ಹೆಂಗಸು ಕತ್ತರಿಸಿದ ಅಂಗಿ ಎಂದು ಪೇಟೆ ಮೂಗು ಮುರಿಯಿತು. ಕುಂಞಿಯವರೂ ಒಂದು ಷರತ್ತು ಹಾಕಿದರು: "ಒಂದು ಬಟ್ಟೆ ಹಾಳಾದರೆ ಮತ್ತೆ ಬಟನಿಗೇ ಕೂರಬೇಕು."

ಆ ಷರತ್ತು ಇವತ್ತು ಅಕ್ಕುವಿನ ಎದೆಯ ಮೇಲೆ ಕೂತಿದೆ. ಕಡಬದ ಸಾಹುಲ್ ಹಮೀದನಿಗೆ ನಾಳೆ ಮದುವೆ. ದುಬೈಯಿಂದ ಅವನು ತಂದ ಬಟ್ಟೆಯನ್ನು ಬಿಚ್ಚಿದರೆ ಎದುರಿನ ಹೋಟೆಲಿನವರು ದೀಪ ಆರಿಸುತ್ತಾರೆ, ಅಷ್ಟು ಮಿನುಗು. ಅಂಥದ್ದು ಇನ್ನೊಂದು ತುಂಡು ಈ ದೇಶದಲ್ಲೇ ಇಲ್ಲ. ಅವನಿಗೆ ಅಂಗಿ ಪುತ್ತೂರಿನದೇ ಬೇಕು, ಕಾಲರ್ ಮಾತ್ರ ಸುಳ್ಯದ್ದು. ನಿನ್ನೆ ಸಂಜೆ ಅಕ್ಕು ಹಾಗೆಯೇ ಕತ್ತರಿಸಿ, ಕಾಲರನ್ನು ಕಚ್ಚಾ ಹೊಲಿಗೆಯಲ್ಲಿ ಜೋಡಿಸಿದರೆ ಅದು ಅಂಗಿಯ ಕುತ್ತಿಗೆಗಿಂತ ಎರಡು ಬೆರಳು ಉದ್ದ.

"ಎಂತ ಅಕ್ಕು, ನಿನ್ನ ಕಾಲರ್ ಬಸ್ ಹತ್ತಲಿಕ್ಕೆ ಹೊರಟಿದ್ದಾ?" ಕುಂಞಿಯವರು ಕೇಳುತ್ತಾರೆ. ಅವರು ನಗುತ್ತಿಲ್ಲ.

ಆ ಎರಡು ಬೆರಳು ಎಲ್ಲಿಂದ ಬಂತೆಂದು ನೋಡಲಿಕ್ಕೇ ಅಕ್ಕು ಬೆಳಗಾಗುತ್ತಲೇ ನಮೂನೆಗಳೊಂದಿಗೆ ಕಿಟಕಿಗೆ ಬಂದದ್ದು. ಗಾಜಿನ ಮೇಲೆ ಗುಟ್ಟು ಬಯಲಾಗುತ್ತದೆ: ಸುಳ್ಯದ ಅಂಗಿಯ ಕುತ್ತಿಗೆಯೇ ಅಗಲ. ಬೆಳ್ಳಾರೆಯ ಒಬ್ಬ ಪೈಲ್ವಾನರಿಗೆಂದು, ಆನೆಯ ಕಾಲಿನಷ್ಟು ದಪ್ಪದ ಕುತ್ತಿಗೆ ಅವರದು, ಕುಕ್ಕಪ್ಪ ಅದನ್ನು ಅಗಲ ಮಾಡಿದ್ದರು. ಒಬ್ಬರಿಗಾಗಿ ಮಾಡಿದ್ದೆಂದು ಅಕ್ಕು ಅದನ್ನು ತರಲಿಲ್ಲ. ಕುಕ್ಕಪ್ಪನೋ ಅದನ್ನೇ ಎಲ್ಲರಿಗೂ ಉಳಿಸಿಕೊಂಡು, ಹೊಸ ಕಾಲರನ್ನು ಅದರ ಅಳತೆಗೇ ಬರೆದಿದ್ದಾರೆ. ಅಕ್ಕು ಮೇಲಿನ ಕಾಲರನ್ನು ತಂದು ಅದರ ಬುಡದ ಕುತ್ತಿಗೆಯನ್ನು ಬಿಟ್ಟಿದ್ದಾರೆ.

"ಕಾಲರ್ ಉದ್ದ ಆದದ್ದಕ್ಕೆ ಬದುಕಿದೆ ಕುಂಞಿಯಾಕ, ಕುತ್ತಿಗೆ ಇನ್ನೂ ಕತ್ತರಿಸಬಹುದು. ಗಿಡ್ಡ ಆಗಿದ್ದರೆ ಬಟ್ಟೆ ಎಲ್ಲಿಂದ ತರುದು?"

ಸುಳ್ಯದ ಕುತ್ತಿಗೆಯನ್ನೂ ಬಟ್ಟೆಯ ಮೇಲೆ ಗುರುತು ಹಾಕಿ, ಉಸಿರು ಹಿಡಿದು ಅಂಚು ಕತ್ತರಿಸುತ್ತಾರೆ. ಕಾಲರ್ ಕುತ್ತಿಗೆಗೆ ಸರಿಯಾಗಿ ಕೂತದ್ದನ್ನು ಕಂಡು ಆ ಉಸಿರು ಬಿಟ್ಟಾಗ ಮೇಜಿನ ಮೇಲಿನ ನೂಲುಂಡೆಗಳು ಬಾಗಿಲಾಚೆ ಉರುಳುತ್ತವೆ.

ಮಧ್ಯಾಹ್ನ ಸಾಹುಲ್ ಬಂದು ಅಂಗಿ ತೊಟ್ಟು ಮೇಲಿನ ಬಟನ್ ಹಾಕುತ್ತಾನೆ. ಕುತ್ತಿಗೆಯನ್ನು ಆಚೆ ಈಚೆ ತಿರುಗಿಸುತ್ತಾನೆ. ಅಷ್ಟು ಹೊತ್ತು ಕುಮಾರಧಾರೆಯೂ ಹರಿಯುವುದನ್ನು ನಿಲ್ಲಿಸಿ ಕಾದಿರಬೇಕು.

"ಅಕ್ಕ, ಇಷ್ಟು ವರ್ಷ ನಿಮ್ಮ ಅಂಗಿಯಲ್ಲಿ ಉಸಿರು ಕಟ್ಟಿಯೇ ಕೂತದ್ದು ನಾನು. ನಾಳೆ ಬಿರಿಯಾನಿ ಇಳಿಯುತ್ತದೆ."

ಅವನು ಹೋದ ಮೇಲೆ ಅಕ್ಕು ಆ ಕಾಲರಿನ ಕಾಗದಕ್ಕೂ ಕುತ್ತಿಗೆಯ ಕಾಗದಕ್ಕೂ ಸೇರಿಸಿ ಒಂದು ಕೆಂಪು ನೂಲು ಹಾಕುತ್ತಾರೆ. ಇನ್ನು ಮುಂದೆ ತರುವುದಾದರೆ ಎರಡನ್ನೂ, ಬಿಡುವುದಾದರೆ ಎರಡನ್ನೂ. ಕುಂಞಿಯವರು ಮುಂದಿನ ಗಿರಾಕಿಯ ಬಟ್ಟೆಯನ್ನು ತಂದು ಅವರ ಮುಂದೆಯೇ ಹಾಸುತ್ತಾರೆ.

"ದೊಡ್ಡ ಆಸೆ ಎಂತದೂ ಇಲ್ಲ," ಎನ್ನುತ್ತಾರೆ ಅಕ್ಕು, ಕತ್ತರಿ ಎತ್ತಿಕೊಳ್ಳುತ್ತ. "ಕುಕ್ಕಪ್ಪಣ್ಣ ಕಾಲರ್ ಕಳಿಸುವಾಗ ಅದು ಯಾವ ಕುತ್ತಿಗೆಯದ್ದು ಅಂತ ಒಂದು ಮಾತು ಹೇಳಿ ಕಳಿಸಿದರೆ ಸಾಕು."